ಅವರೆಬೇಳೆಯೂ ಅಪ್ಪನ ಕಾಫಿಯೂ

ಬೆಳಿಗ್ಗೆ ಒಂದು ಅವರೆಬೇಳೆ ನನ್ನ ಬೆರಳಿಂದ ಹಾರಿ ನೇರ ಅಪ್ಪನ ಕಾಫಿ ಲೋಟಕ್ಕೆ ಬಿತ್ತು. ಗುರಿ ಇಟ್ಟು ಹೊಡೆದಿದ್ದರೂ ಬೀಳುತ್ತಿರಲಿಲ್ಲ.

ಎರಡು ಕೆಜಿ ಸೊಗಡವರೆ ತಂದಿದ್ದೆ. ಸುಲಿದು, ರಾತ್ರಿ ಕಾಳು ನೆನೆಹಾಕಿ, ಬೆಳಿಗ್ಗೆ ಹಿತುಕಲು ಕೂತೆವು. ಒಂದೊಂದೇ ಕಾಳು. ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಸಣ್ಣಗೆ ಅದುಮಿದರೆ ಪುಳಕ್ಕಂತ ಬೇಳೆ ಹೊರಗೆ, ಸಿಪ್ಪೆ ಕೈಯಲ್ಲಿ. ಜಾಸ್ತಿ ಅದುಮಿದರೆ ಕಾಫಿ ಲೋಟಕ್ಕೆ.

ಅಮ್ಮನ ಮಸಾಲೆಗೆ ಅಳತೆ ಅಂತ ಇಲ್ಲ. "ಒಂದು ಹಿಡಿ ಕಾಯಿತುರಿ, ಚೂರು ಚಕ್ಕೆ, ಎರಡು ಲವಂಗ, ಒಂದು ಚಮಚ ಗಸಗಸೆ, ಶುಂಠಿ, ಬೆಳ್ಳುಳ್ಳಿ, ಕೊತ್ತಂಬರಿ ಸೊಪ್ಪು... ನೋಡ್ಕೊಂಡು ಹಾಕು" ಅಂತಾಳೆ. ಏನು ನೋಡಬೇಕು ಅಂತ ಮಾತ್ರ ಹೇಳಲ್ಲ.

ಹಿತುಕಿದ ಬೇಳೆಯೇ ಈಗ ಅಂಗಡಿಯಲ್ಲಿ ಸಿಗುತ್ತೆ. ನಾನೂ ತಂದಿದ್ದೇನೆ, ಸುಳ್ಳು ಯಾಕೆ. ಸಾರೂ ಚೆನ್ನಾಗೇ ಆಗಿತ್ತು. ಆದರೆ ಅವತ್ತು ಯಾರು ಎಲ್ಲಿ ಕೂತಿದ್ದರು ಅಂತ ನೆನಪೇ ಇಲ್ಲ. ಇವತ್ತು ಒಂದು ಪಾತ್ರೆ ಸುತ್ತ ನಾಲ್ಕು ಜನ, ಒಂದೂವರೆ ಗಂಟೆ. ಅಜ್ಜಿ ಮನೆಯ ಚಳಿಯಿಂದ ಹಿಡಿದು ಪಕ್ಕದ ಮನೆ ಮದುವೆವರೆಗೂ ಮಾತು. ಕೈ ಒದ್ದೆ ಇತ್ತಲ್ಲ, ಅದಕ್ಕೇ ಯಾರೂ ಮೊಬೈಲ್ ಮುಟ್ಟಲಿಲ್ಲವೋ ಏನೋ.

ಮಧ್ಯಾಹ್ನ ಬಿಸಿ ಅಕ್ಕಿ ರೊಟ್ಟಿ, ಹಿತುಕಿದ ಬೇಳೆ ಸಾರು. ಎರಡು ಸಲ ಸೋಪು ಹಾಕಿ ತೊಳೆದರೂ ಹೆಬ್ಬೆರಳಲ್ಲಿ ಇನ್ನೂ ಸೊಗಡು ಘಮ.

ಅಂದಹಾಗೆ, ಆ ಕಾಫಿ ಅಪ್ಪ ಕುಡಿದರು. ಬೇಳೆ ಸಮೇತ.