ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳುವ ಮುನ್ನ ಚಾರ್ಜಿಂಗ್ ಮುಚ್ಚಳ ತೆರೆದು ನೋಡಿ

ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದು ನಿರ್ಧರಿಸಿದ ಮೇಲೆ ನಾನು ನೋಡಲು ಹೋದ ಮೊದಲ ಕಾರು ಮೇಲ್ನೋಟಕ್ಕೆ ಬಹಳ ಚೆನ್ನಾಗಿತ್ತು. ಬಣ್ಣ ಮಾಸಿರಲಿಲ್ಲ, ಟೈರುಗಳು ಹೊಸದಾಗಿದ್ದವು, ಬ್ಯಾಟರಿಯ ಆರೋಗ್ಯದ ವರದಿಯನ್ನು ಮಾರುವವರು ಮುದ್ರಿಸಿಯೇ ಇಟ್ಟುಕೊಂಡಿದ್ದರು. ಫಾಸ್ಟ್ ಚಾರ್ಜಿಂಗ್ ಆಗುತ್ತದೆಯೇ ಎಂದು ಕೇಳಿದಾಗ, “ಆಗುತ್ತದೆ ಸರ್, ಈ ಮಾಡೆಲ್‌ಗೆಲ್ಲ ಇದ್ದೇ ಇರುತ್ತದೆ” ಎಂದರು. ಮುಚ್ಚಳ ತೆರೆದು ನೋಡಿದರೆ ಅಲ್ಲಿ ಎರಡು ಸಾಕೆಟ್‌ಗಳಿಗೆ ಜಾಗವಿತ್ತು. ಒಂದರಲ್ಲಿ ಐದು ಪಿನ್‌ಗಳ ಸಾಕೆಟ್ ಇತ್ತು. ಇನ್ನೊಂದರ ಜಾಗದಲ್ಲಿ ಅದೇ ಅಳತೆಯ ಕಪ್ಪು ಪ್ಲಾಸ್ಟಿಕ್ ಬಿಲ್ಲೆಯೊಂದನ್ನು ಕೂರಿಸಲಾಗಿತ್ತು. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತಿತ್ತು. ಅದರ ಹಿಂದೆ ಏನೂ ಇರಲಿಲ್ಲ.

ಅವರು ಸುಳ್ಳು ಹೇಳಿದರೆಂದು ನನಗೆ ಇಂದಿಗೂ ಅನ್ನಿಸುವುದಿಲ್ಲ. ಮನೆಯಲ್ಲೇ ರಾತ್ರಿ ಚಾರ್ಜ್ ಮಾಡಿಕೊಂಡು ಓಡಾಡಿದ ಅವರಿಗೆ ಆ ಎರಡನೇ ಸಾಕೆಟ್‌ನ ಅಗತ್ಯವೇ ಬಿದ್ದಿರಲಿಲ್ಲ. ಹೊಸ ಕಾರು ಕೊಳ್ಳುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ; ಹಳೆಯ ಕಾರು ಕೊಳ್ಳುವವರು, ಹಿಂದೆ ಯಾರೋ ಯಾವುದೋ ದೇಶದಲ್ಲಿ ಮಾಡಿದ ಆಯ್ಕೆಯೊಂದಿಗೆ ಬಾಳಬೇಕಾಗುತ್ತದೆ. ಅಮೆರಿಕದಲ್ಲಿ 2017ರ ಷೆವರ್ಲೆ ಬೋಲ್ಟ್ ಕಾರಿಗೆ ಡಿಸಿ ಫಾಸ್ಟ್ ಚಾರ್ಜಿಂಗ್ ಬೇಕಿದ್ದರೆ ಹೆಚ್ಚುವರಿ ಹಣ ಕೊಡಬೇಕಿತ್ತು. ಆರಂಭದ ವರ್ಷಗಳ ಬಿಎಂಡಬ್ಲ್ಯು ಐ3ಯಲ್ಲಿಯೂ ಹಲವು ಮಾರುಕಟ್ಟೆಗಳಲ್ಲಿ ಹೀಗೆಯೇ ಇತ್ತು. 2019ರಲ್ಲಿ ಬಂದ, 50 ಕಿಲೋವಾಟ್-ಅವರ್ ಬ್ಯಾಟರಿಯ ರೆನೋ ಜೋಯಿಯಲ್ಲಿ ಕೂಡ ಡಿಸಿ ಸಾಕೆಟ್ ಐಚ್ಛಿಕವಾಗಿತ್ತು. ಆದ್ದರಿಂದ ಮಾಡೆಲ್‌ನ ಹೆಸರನ್ನೂ ವರ್ಷವನ್ನೂ ಅಂತರ್ಜಾಲದಲ್ಲಿ ಹುಡುಕಿ ಇಂಥ ಕಾರಿಗೆ ಇಂಥ ಸಾಕೆಟ್ ಎಂದು ತೀರ್ಮಾನಿಸುವುದು ಸಾಲದು. ನೀವು ಕೊಳ್ಳಲಿರುವ ಆ ಒಂದು ಕಾರಿನ ಮುಚ್ಚಳವನ್ನೇ ತೆರೆದು ನೋಡಬೇಕು.

ನೋಡುವಾಗ ಏನನ್ನು ಗುರುತಿಸಬೇಕೆಂದು ತಿಳಿಯಲು ಎಸಿ ಮತ್ತು ಡಿಸಿ ಚಾರ್ಜಿಂಗ್‌ಗಳ ವ್ಯತ್ಯಾಸ ಸ್ಪಷ್ಟವಾಗಿರಬೇಕು. ಎಸಿ ಚಾರ್ಜಿಂಗ್‌ನಲ್ಲಿ ಕೇಬಲ್ ಮೂಲಕ ಬರುವುದು ಮನೆಯ ಗೋಡೆಯಲ್ಲಿ ಸಿಗುವಂಥದೇ ವಿದ್ಯುತ್ತು. ಅದನ್ನು ಬ್ಯಾಟರಿಗೆ ಬೇಕಾದ ಡಿಸಿಯಾಗಿ ಪರಿವರ್ತಿಸುವ ಆನ್‌ಬೋರ್ಡ್ ಚಾರ್ಜರ್ ಕಾರಿನೊಳಗೇ ಇರುತ್ತದೆ. ಡಿಸಿ ಚಾರ್ಜಿಂಗ್‌ನಲ್ಲಿ ಈ ಪರಿವರ್ತನೆ ಹೊರಗಿನ ದೊಡ್ಡ ಪೆಟ್ಟಿಗೆಯಲ್ಲಿ ನಡೆದು, ಕರೆಂಟು ದಪ್ಪ ಪಿನ್‌ಗಳ ಮೂಲಕ ನೇರವಾಗಿ ಬ್ಯಾಟರಿಗೆ ಹೋಗುತ್ತದೆ. ಹೀಗಾಗಿ ಪ್ರತಿ ಕಾರಿನ ವಿಷಯದಲ್ಲಿಯೂ ಎರಡು ಪ್ರಶ್ನೆಗಳಿರುತ್ತವೆ: ಎಸಿಗೆ ಯಾವ ಸಾಕೆಟ್, ಡಿಸಿಗೆ ಯಾವ ಸಾಕೆಟ್. ಒಂದಕ್ಕೆ ಸಿಕ್ಕ ಉತ್ತರ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ.

ಎಸಿಯಲ್ಲಿ ಟೈಪ್ 1 ಎಂಬುದು ಐದು ಪಿನ್‌ಗಳ ದುಂಡು ಸಾಕೆಟ್. ಅದು ಸಿಂಗಲ್ ಫೇಸ್‌ಗೆ ಮಾತ್ರ. ಜಪಾನ್ ಮತ್ತು ಉತ್ತರ ಅಮೆರಿಕದ ಕಾರುಗಳಲ್ಲಿ ಇದು ಸಾಮಾನ್ಯ. ಟೈಪ್ 2 ಏಳು ಪಿನ್‌ಗಳದು, ಮೇಲ್ಭಾಗ ಚಪ್ಪಟೆಯಾಗಿರುತ್ತದೆ, ತ್ರೀಫೇಸ್ ವಿದ್ಯುತ್ತನ್ನೂ ಒಯ್ಯಬಲ್ಲದು. ಇವೆರಡರ ಕೆಳಗೂ ಡಿಸಿಗಾಗಿ ಎರಡು ದಪ್ಪ ಪಿನ್‌ಗಳನ್ನು ಸೇರಿಸಿದಾಗ ಕ್ರಮವಾಗಿ ಸಿಸಿಎಸ್ 1 ಮತ್ತು ಸಿಸಿಎಸ್ 2 ಆಗುತ್ತವೆ. ಯುರೋಪಿಯನ್ ಒಕ್ಕೂಟವು 2014ರ ನಿರ್ದೇಶನದಲ್ಲಿ ಟೈಪ್ 2 ಮತ್ತು ಸಿಸಿಎಸ್ 2 ಎರಡನ್ನೂ ಸಾರ್ವಜನಿಕ ಚಾರ್ಜಿಂಗ್‌ನ ಸಾಮಾನ್ಯ ಮಾನದಂಡವಾಗಿ ಸ್ವೀಕರಿಸಿತು. ಜಪಾನಿನಲ್ಲಿ 2010ರಲ್ಲಿ ಸಂಘಟಿತ ರೂಪ ಪಡೆದ ಚಾಡೆಮೊ ಡಿಸಿಗೆ ಮಾತ್ರ ಮೀಸಲಾದ, ಗಾತ್ರದಲ್ಲಿ ದೊಡ್ಡದಾದ ದುಂಡು ಸಾಕೆಟ್. ಆದ್ದರಿಂದಲೇ ಅಂಥ ಕಾರುಗಳಲ್ಲಿ ಎಸಿಗೆ ಬೇರೆಯೇ ಒಂದು ಸಾಕೆಟ್ ಇರುತ್ತದೆ. ಚೀನಾದ ಜಿಬಿಟಿ ಮಾನದಂಡದಲ್ಲಿಯೂ ಎಸಿ, ಡಿಸಿ ಎರಡೂ ಪ್ರತ್ಯೇಕ. ಇಲ್ಲಿ ವಿಶೇಷ ಎಚ್ಚರ ಬೇಕು: ಜಿಬಿಟಿಯ ಎಸಿ ಸಾಕೆಟ್ ಆಕಾರದಲ್ಲಿ ಟೈಪ್ 2ನ್ನೇ ಹೋಲುತ್ತದೆ, ಪಿನ್‌ಗಳೂ ಏಳೇ. ಆದರೆ ಟೈಪ್ 2 ಕಾರಿನಲ್ಲಿ ಪಿನ್‌ಗಳಿದ್ದು ಗನ್ನಿನಲ್ಲಿ, ಅಂದರೆ ಕೇಬಲ್ ತುದಿಯ ಹಿಡಿಯಲ್ಲಿ, ರಂಧ್ರಗಳಿದ್ದರೆ, ಜಿಬಿಟಿಯಲ್ಲಿ ಅದು ತಿರುವುಮುರುವು. ಜಾಹೀರಾತಿನ ಫೋಟೋದಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ; ಗನ್ನನ್ನು ಕೈಯಲ್ಲಿ ಹಿಡಿದು ನಿಂತಾಗಲೇ ತಿಳಿಯುತ್ತದೆ.

ಒಂದೇ ಹೆಸರಿನ ಕಾರು ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬೇರೆ ಸಾಕೆಟ್ ಹೊತ್ತು ಬರುತ್ತದೆ. ನಿಸ್ಸಾನ್ ಲೀಫ್‌ನ ಮೊದಲ ತಲೆಮಾರು ಯುರೋಪಿನಲ್ಲಿಯೂ ಟೈಪ್ 1 ಸಾಕೆಟ್ ಹೊಂದಿತ್ತು. ಎರಡನೇ ತಲೆಮಾರಿನಲ್ಲಿ ಅಲ್ಲಿ ಎಸಿ ಭಾಗ ಟೈಪ್ 2 ಆಯಿತು, ಡಿಸಿ ಮಾತ್ರ ಚಾಡೆಮೊ ಆಗಿಯೇ ಉಳಿಯಿತು. ಅದೇ ಕಂಪನಿಯ ಆರಿಯಾ ಜಪಾನಿನಲ್ಲಿ ಚಾಡೆಮೊ, ಯುರೋಪಿನಲ್ಲಿ ಸಿಸಿಎಸ್ 2. ಟೆಸ್ಲಾದ ಮಾಡೆಲ್ ಎಸ್ ಯುರೋಪಿನಲ್ಲಿ ಮೊದಲಿಗೆ ಟೈಪ್ 2 ಆಕಾರದ ಸಾಕೆಟ್‌ನಿಂದಲೇ ಡಿಸಿಯನ್ನೂ ಪಡೆಯುತ್ತಿತ್ತು. 2019ರಲ್ಲಿ ಮಾಡೆಲ್ 3 ಅಲ್ಲಿಗೆ ಬರುವಾಗ ಸಿಸಿಎಸ್ 2 ಸಾಕೆಟ್‌ನೊಂದಿಗೆ ಬಂತು. ಉತ್ತರ ಅಮೆರಿಕದಲ್ಲಿ ಟೆಸ್ಲಾ ತನ್ನದೇ ಚಿಕ್ಕ ಸಾಕೆಟ್‌ನ ವಿನ್ಯಾಸವನ್ನು 2022ರ ನವೆಂಬರ್‌ನಲ್ಲಿ ಎನ್‌ಎಸಿಎಸ್ ಎಂಬ ಹೆಸರಿನಲ್ಲಿ ಇತರರಿಗೂ ತೆರೆದಿಟ್ಟ ಮೇಲೆ, 2023ರಲ್ಲಿ ಫೋರ್ಡ್, ಜನರಲ್ ಮೋಟರ್ಸ್ ಮೊದಲಾದ ಕಂಪನಿಗಳು ಅದನ್ನು ಒಪ್ಪಿಕೊಂಡವು. ಅಂದರೆ ಅಲ್ಲಿಂದ ಬರುವ ಹಳೆಯ ಕಾರುಗಳಲ್ಲಿ ಇನ್ನು ಮುಂದೆ ಸಿಸಿಎಸ್ 1, ಎನ್‌ಎಸಿಎಸ್ ಎಂಬ ಎರಡು ಬಗೆಯ ಸಾಕೆಟ್‌ಗಳು ಬಹುಕಾಲ ಜೊತೆಜೊತೆಗೆ ಸಿಗಲಿವೆ. ಕಾರು ಯಾವ ದೇಶಕ್ಕಾಗಿ ತಯಾರಾದದ್ದು ಎಂದು ದಾಖಲೆಗಳಲ್ಲಿ ನೋಡುವುದು ಇದಕ್ಕಾಗಿಯೇ ಮುಖ್ಯ.

ಚಾಡೆಮೊ ಇರುವ ಕಾರನ್ನು ಕೊಳ್ಳಲೇಬಾರದು ಎಂದು ಹಲವರು ಸಾರಾಸಗಟಾಗಿ ಹೇಳುವುದನ್ನು ಕೇಳಿದ್ದೇನೆ. ನಾನು ಅದನ್ನು ಒಪ್ಪುವುದಿಲ್ಲ. ಜಪಾನ್ ಮತ್ತು ಚೀನಾದ ಹೊರಗೆ ಹೊಸ ಚಾರ್ಜಿಂಗ್ ಕೇಂದ್ರಗಳು ಹೆಚ್ಚಾಗಿ ಸಿಸಿಎಸ್ ಗನ್ನುಗಳನ್ನೇ ಹಾಕುತ್ತಿರುವುದು ನಿಜ, ದೂರದ ಪ್ರಯಾಣಕ್ಕೆ ಅಂಥ ಕಾರನ್ನು ನಂಬುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವುದೂ ನಿಜ. ಆದರೆ ಮನೆಯಲ್ಲಿ ರಾತ್ರಿ ಚಾರ್ಜ್ ಮಾಡಿ, ದಿನಕ್ಕೆ 40-50 ಕಿಲೋಮೀಟರ್ ಓಡಿಸುವವರಿಗೆ ಡಿಸಿ ಸಾಕೆಟ್ ಯಾವುದೆಂಬುದು ಬಹುತೇಕ ಅಪ್ರಸ್ತುತ. ಜೊತೆಗೆ, ಕಾರಿನ ಬ್ಯಾಟರಿಯಿಂದ ಮನೆಗೆ ಮರಳಿ ವಿದ್ಯುತ್ ಕೊಡುವ ವ್ಯವಸ್ಥೆ ಎಲ್ಲಕ್ಕಿಂತ ಮೊದಲು ಬಳಕೆಗೆ ಬಂದದ್ದು ಚಾಡೆಮೊ ಕಾರುಗಳಲ್ಲಿಯೇ. ಬಳಕೆಯನ್ನು ಮೊದಲು ನಿಶ್ಚಯಿಸಿಕೊಂಡು ನಂತರ ಸಾಕೆಟ್ ನೋಡಬೇಕು.

ನಾನು ನೋಡಿದ ಎರಡನೇ ಕಾರು ನನಗೆ ಇನ್ನೊಂದು ವಿಷಯವನ್ನು ಕಲಿಸಿತು. ಅದರಲ್ಲಿ ಟೈಪ್ 2 ಸಾಕೆಟ್ ಇತ್ತು, ನಾನು ದಿನವೂ ಬಳಸಬಹುದಾಗಿದ್ದ ಚಾರ್ಜಿಂಗ್ ಕಂಬದಲ್ಲಿಯೂ ಟೈಪ್ 2 ಇತ್ತು, ಕಂಬದ ಮೇಲೆ 11 ಕಿಲೋವಾಟ್ ಎಂದು ಬರೆದಿತ್ತು. ಹೊಂದಿಕೆಯಾಯಿತೆಂದು ಸಂತೋಷಪಟ್ಟೆ. ಆದರೆ ಗನ್ ಸಿಕ್ಕಿಸಿದಾಗ ಕಾರಿನ ಪರದೆ 3.7 ಕಿಲೋವಾಟ್ ಎಂದಷ್ಟೇ ತೋರಿಸಿತು. ಕಾರಣ ಸರಳ. ಆ ಕಾರಿನ ಆನ್‌ಬೋರ್ಡ್ ಚಾರ್ಜರ್ 7.4 ಕಿಲೋವಾಟ್‌ನದು, ಆದರೆ ಸಿಂಗಲ್ ಫೇಸ್‌ನದು. ಅದು ತನ್ನ ಪೂರ್ಣ ಶಕ್ತಿಗೆ ಒಂದೇ ಫೇಸ್‌ನಲ್ಲಿ 32 ಆಂಪಿಯರ್ ಬೇಡುತ್ತದೆ. 11 ಕಿಲೋವಾಟ್ ಕಂಬವಾದರೋ ಮೂರು ಫೇಸ್‌ಗಳಲ್ಲಿ ತಲಾ 16 ಆಂಪಿಯರ್ ಕೊಡುತ್ತದೆ. ಕಾರು ಬಳಸಬಲ್ಲದ್ದು ಅದರಲ್ಲಿ ಒಂದು ಫೇಸ್ ಮಾತ್ರ. ಉಳಿದೆರಡು ಪಿನ್‌ಗಳು ಸಾಕೆಟ್‌ನಲ್ಲಿ ಸುಮ್ಮನೆ ಇರುತ್ತವೆ, ಕೆಲವು ಕಾರುಗಳಲ್ಲಿ ಅವುಗಳ ಜಾಗ ಖಾಲಿಯೇ ಇರುತ್ತದೆ. 40 ಕಿಲೋವಾಟ್-ಅವರ್ ಬ್ಯಾಟರಿಯನ್ನು ಶೇಕಡಾ 20ರಿಂದ 80ಕ್ಕೆ ಏರಿಸಲು 24 ಕಿಲೋವಾಟ್-ಅವರ್ ಬೇಕು. ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೂ 7.4ರಲ್ಲಿ ಮೂರೂಕಾಲು ಗಂಟೆಯ ಕೆಲಸ, 3.7ರಲ್ಲಿ ಆರೂವರೆ ಗಂಟೆಯದಾಗುತ್ತದೆ. ಸಾಕೆಟ್‌ನ ಆಕಾರ ಹೊಂದಿದೆಯೆಂದರೆ ಬಾಗಿಲು ತೆರೆದಿದೆ ಎಂದಷ್ಟೇ ಅರ್ಥ, ಒಳಗೆ ಎಷ್ಟು ಹರಿಯುತ್ತದೆಂಬುದನ್ನು ಆನ್‌ಬೋರ್ಡ್ ಚಾರ್ಜರ್ ನಿರ್ಧರಿಸುತ್ತದೆ. ಇದಕ್ಕೆ ವಿರುದ್ಧ ಉದಾಹರಣೆಯೂ ಇದೆ: ಆರಂಭದ ರೆನೋ ಜೋಯಿ ಕಾರುಗಳಿಗೆ ಡಿಸಿ ಸಾಕೆಟ್ ಇರಲೇ ಇಲ್ಲ, ಆದರೆ ಅವು ಎಸಿಯಲ್ಲಿಯೇ 22 ಅಥವಾ 43 ಕಿಲೋವಾಟ್ ಪಡೆಯುತ್ತಿದ್ದವು.

ಡಿಸಿಯಲ್ಲಿ ವೋಲ್ಟೇಜ್ ಕೂಡ ಹೊಂದಬೇಕು. ಭಾರತದಲ್ಲಿ ಮೊದಲು ರೂಪಿಸಿದ ಭಾರತ್ ಡಿಸಿ-001 ಚಾರ್ಜರ್‌ಗಳು ಜಿಬಿಟಿ ಗನ್ ಬಳಸಿದವು, ಆದರೆ 100 ವೋಲ್ಟ್‌ಗಿಂತ ಕಡಿಮೆ ವೋಲ್ಟೇಜಿನ ಬ್ಯಾಟರಿಗಳಿಗಾಗಿ, ಗರಿಷ್ಠ 15 ಕಿಲೋವಾಟ್‌ಗೆ ಮಾತ್ರ. ಗನ್ ಕೂತರೂ ಹೆಚ್ಚು ವೋಲ್ಟೇಜಿನ ಕಾರು ಅದರಲ್ಲಿ ಚಾರ್ಜ್ ಆಗುವುದಿಲ್ಲ. ಇನ್ನೊಂದು ತುದಿಯಲ್ಲಿ 800 ವೋಲ್ಟ್‌ನ ಪೋರ್ಷೆ ಟೈಕಾನ್ ಇದೆ. ಅದರ ಮೊದಲ ಮಾದರಿಗಳು 400 ವೋಲ್ಟ್ ಚಾರ್ಜರ್‌ಗಳಲ್ಲಿ 50 ಕಿಲೋವಾಟ್ ಮಾತ್ರ ಪಡೆಯುತ್ತಿದ್ದವು, 150 ಬೇಕಿದ್ದರೆ ಮೊದಲ ಒಡೆಯರು ಹೆಚ್ಚುವರಿ ಉಪಕರಣವನ್ನು ಆರಿಸಿರಬೇಕಿತ್ತು.

ಇಷ್ಟು ಹೇಳಿದ ಮೇಲೆ ಬಹುತೇಕರು ಕೇಳುವುದು ಅಡಾಪ್ಟರ್ ಬಗ್ಗೆ. ಯಾವ ಅಡಾಪ್ಟರ್ ಸಾಧ್ಯ, ಯಾವುದು ಅಸಾಧ್ಯ ಎಂಬುದು ಪಿನ್‌ಗಳ ಆಕಾರಕ್ಕಿಂತ ಅವು ಆಡುವ ಭಾಷೆಯನ್ನು ಅವಲಂಬಿಸಿದೆ. ಟೈಪ್ 1 ಮತ್ತು ಟೈಪ್ 2 ಎರಡರಲ್ಲಿಯೂ ಕಂಬವು ಒಂದು ಚಿಕ್ಕ ಪಿನ್ ಮೂಲಕ, ಸೆಕೆಂಡಿಗೆ 1000 ಬಾರಿ ಮಿಡಿಯುವ ಸಂಕೇತದಿಂದ, ಎಷ್ಟು ಆಂಪಿಯರ್ ಎಳೆದುಕೊಳ್ಳಬಹುದೆಂದು ಕಾರಿಗೆ ತಿಳಿಸುತ್ತದೆ. ಭಾಷೆ ಒಂದೇ ಆದ್ದರಿಂದ ಇವುಗಳ ನಡುವಿನ ಅಡಾಪ್ಟರ್ ಬರಿಯ ತಂತಿಗಳ ಜೋಡಣೆ. ಒಳ್ಳೆಯ ಗುಣಮಟ್ಟದ್ದಾಗಿದ್ದರೆ ಯಾವ ತೊಂದರೆಯೂ ಇಲ್ಲ. ಸಿಸಿಎಸ್ 1 ಮತ್ತು ಸಿಸಿಎಸ್ 2ರ ನಡುವೆಯೂ ಭಾಷೆ ಒಂದೇ, ಆದರೆ ಅಲ್ಲಿ ನೂರಾರು ಆಂಪಿಯರ್ ಡಿಸಿ ಹರಿಯುವುದರಿಂದ ಅಗ್ಗದ ಅಡಾಪ್ಟರ್ ಕಾದು ಕರಗುವ ಅಪಾಯ ನಿಜವಾದದ್ದು. ಚಾಡೆಮೊ ಮತ್ತು ಸಿಸಿಎಸ್‌ನ ಕಥೆಯೇ ಬೇರೆ. ಚಾಡೆಮೊ ಕಾರಿನೊಳಗಿನ ಕ್ಯಾನ್ ಜಾಲದ ಸಂದೇಶಗಳಲ್ಲಿ ಮಾತಾಡುತ್ತದೆ, ಸಿಸಿಎಸ್ ವಿದ್ಯುತ್ ತಂತಿಗಳ ಮೇಲೆ ದತ್ತಾಂಶ ಕಳಿಸಲೆಂದು ರೂಪಿಸಿದ ವಿಧಾನವನ್ನು ಆ ಚಿಕ್ಕ ಸಂಕೇತದ ಪಿನ್‌ನಲ್ಲಿ ಬಳಸುತ್ತದೆ. ನಡುವೆ ಕೂರುವ ಅಡಾಪ್ಟರ್ ಒಬ್ಬ ದುಭಾಷಿಯ ಕೆಲಸ ಮಾಡಬೇಕು. ಆದ್ದರಿಂದ ಅದರೊಳಗೆ ಪುಟ್ಟ ಕಂಪ್ಯೂಟರ್ ಇರುತ್ತದೆ, ಅದರ ಸಾಫ್ಟ್‌ವೇರನ್ನು ಆಗಾಗ ನವೀಕರಿಸಬೇಕಾಗುತ್ತದೆ, ಒಂದು ಕೇಂದ್ರದಲ್ಲಿ ಕೆಲಸ ಮಾಡಿದ್ದು ಇನ್ನೊಂದರಲ್ಲಿ ಮಾಡದೆಯೂ ಇರಬಹುದು. ಇನ್ನು ಎಸಿ ಸಾಕೆಟ್ ಮಾತ್ರ ಇರುವ ಕಾರಿಗೆ ಡಿಸಿ ಗನ್ ಸಿಕ್ಕಿಸಿಕೊಡುವ ಅಡಾಪ್ಟರ್ ಎಂಬುದು ಇಲ್ಲ, ಏಕೆಂದರೆ ಆ ಕಾರಿನಲ್ಲಿ ಸಾಕೆಟ್‌ನಿಂದ ಬ್ಯಾಟರಿಗೆ ನೇರ ದಾರಿಯೇ ಇಲ್ಲ. ಅಂಥದ್ದಿದೆ ಎಂದು ಯಾರಾದರೂ ಮಾರಲು ಬಂದರೆ ದಯವಿಟ್ಟು ಕೊಳ್ಳಬೇಡಿ.

ಸಾಕೆಟ್ ಯಾವುದೆಂದು ತಿಳಿದ ಮೇಲೆ ಅದರ ಸ್ಥಿತಿಯನ್ನೂ ನೋಡಬೇಕು. ನಾನು ಟಾರ್ಚ್ ಹಿಡಿದು ಒಂದೊಂದೇ ಪಿನ್ ನೋಡುತ್ತೇನೆ. ಒಳ್ಳೆಯ ಪಿನ್ ಬೆಳ್ಳಿಯಂತೆ ಹೊಳೆಯುತ್ತದೆ. ಬಿಸಿಯಾಗಿ ಸುಟ್ಟ ಪಿನ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅದರ ಸುತ್ತಲಿನ ಪ್ಲಾಸ್ಟಿಕ್ ಸ್ವಲ್ಪ ಉಬ್ಬಿರುತ್ತದೆ ಅಥವಾ ಅಂಚು ಮೃದುವಾಗಿ ಬಾಗಿರುತ್ತದೆ. ಟೈಪ್ 2 ಸಾಕೆಟ್‌ನ ಅಂಚಿನಲ್ಲಿ ಗನ್ನನ್ನು ಹಿಡಿದುಕೊಳ್ಳುವ ಬೀಗದ ಕಡ್ಡಿ ಇರುತ್ತದೆ. ಚಾರ್ಜ್ ಶುರುವಾಗುವಾಗ ಅದು ‘ಟಕ್’ ಎಂದು ಹೊರಬರಬೇಕು, ನಿಲ್ಲಿಸಿದಾಗ ಅಷ್ಟೇ ಸ್ಪಷ್ಟವಾಗಿ ಒಳಸರಿಯಬೇಕು. ಈ ಕಡ್ಡಿ ಸಿಕ್ಕಿಕೊಂಡರೆ ಕಾರು ಚಾರ್ಜ್ ಮಾಡಲು ನಿರಾಕರಿಸಬಹುದು, ಇಲ್ಲವೇ ಗನ್ನನ್ನು ಬಿಡದೆ ಕಂಬದ ಬಳಿಯೇ ನಿಲ್ಲಿಸಿಬಿಡಬಹುದು.

ಇದೆಲ್ಲದರ ನಂತರ, ಹಣ ಕೊಡುವ ಮೊದಲು, ಎಸಿಯಲ್ಲಿ ಒಮ್ಮೆ, ಡಿಸಿಯಲ್ಲಿ ಒಮ್ಮೆ ನಿಜವಾಗಿಯೂ ಚಾರ್ಜ್ ಮಾಡಿ ನೋಡಬೇಕು. ಒಂದು ಕಿವಿಮಾತು: ಕಾರನ್ನು ತುಂಬ ಚಾರ್ಜ್ ಮಾಡಿಡಬೇಡಿ ಎಂದು ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿ. ಸೌಜನ್ಯಕ್ಕಾಗಿ ಅವರು ನೂರಕ್ಕೆ ನೂರು ತುಂಬಿಸಿಟ್ಟಿರುತ್ತಾರೆ, ಆಗ ಪರೀಕ್ಷೆಯೇ ಸಾಧ್ಯವಾಗುವುದಿಲ್ಲ. ಶೇಕಡಾ 80 ದಾಟಿದ ಮೇಲೆ ಬಹುತೇಕ ಬ್ಯಾಟರಿಗಳು ವೇಗವಾಗಿ ತೆಗೆದುಕೊಳ್ಳುವುದಿಲ್ಲ. 20ರಿಂದ 40ರೊಳಗೆ ಇದ್ದರೆ ಪರದೆಯ ಮೇಲಿನ ಅಂಕಿ ನಂಬಲರ್ಹ. ಚಳಿಯಲ್ಲಿ ನಿಂತಿದ್ದ ಕಾರಾದರೆ ಸ್ವಲ್ಪ ದೂರ ಓಡಿಸಿದ ಮೇಲೆ ಗನ್ ಹಾಕಿ. ಕನಿಷ್ಠ 20 ನಿಮಿಷ ಅಲ್ಲೇ ನಿಂತಿರಿ, ಏಕೆಂದರೆ ಸಡಿಲವಾದ ಸಂಪರ್ಕವಿದ್ದರೆ ಸಾಕೆಟ್ ಬಿಸಿಯಾಗಿ ಕಾರು ತಾನಾಗಿ ಕರೆಂಟು ತಗ್ಗಿಸುವುದು ಮೊದಲ ಐದು ನಿಮಿಷಗಳಲ್ಲಿ ತಿಳಿಯುವುದಿಲ್ಲ.

ನಾನು ಕೊನೆಗೆ ಕೊಂಡದ್ದು ಮೂರನೇ ಕಾರನ್ನು. ಅದರಲ್ಲಿ ಟೈಪ್ 2 ಮತ್ತು ಸಿಸಿಎಸ್ 2 ಇವೆ, ಆನ್‌ಬೋರ್ಡ್ ಚಾರ್ಜರ್ ತ್ರೀಫೇಸ್‌ನದು. ಡಿಕ್ಕಿಯಲ್ಲಿದ್ದ ಕೇಬಲನ್ನು ಹೊರತೆಗೆದು ಅದರ ಹಿಡಿಯ ಮೇಲಿನ ಅಕ್ಷರಗಳನ್ನು ಓದಿದೆ: 20 ಆಂಪಿಯರ್, ಸಿಂಗಲ್ ಫೇಸ್. ಪ್ರತಿ ಕೇಬಲ್‌ನ ಪ್ಲಗ್ಗಿನೊಳಗೆ ಅದರ ಸಾಮರ್ಥ್ಯವನ್ನು ಸೂಚಿಸುವ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ, 20 ಆಂಪಿಯರ್‌ಗೆ 680 ಓಮ್, 32ಕ್ಕೆ 220 ಓಮ್. ಕಂಬವೂ ಕಾರೂ ಅದನ್ನು ಓದಿಕೊಂಡು ಆ ಮಿತಿಯನ್ನು ಮೀರುವುದಿಲ್ಲ. ಆ ಕೇಬಲ್ ಬಳಸಿದ್ದರೆ ಕಾರಿನ ತ್ರೀಫೇಸ್ ಚಾರ್ಜರ್ ವ್ಯರ್ಥವಾಗುತ್ತಿತ್ತು. ಮೊದಲ ಒಡೆಯರು ಹೊಸ ಕಾರಿನೊಂದಿಗೆ ಬಂದಿದ್ದ 32 ಆಂಪಿಯರ್‌ನ ತ್ರೀಫೇಸ್ ಕೇಬಲನ್ನು ಅಟ್ಟದಿಂದ ಹುಡುಕಿ ತೆಗೆದುಕೊಟ್ಟರು. ಎರಡೂ ಸಾಕೆಟ್‌ಗಳ ಹೆಸರನ್ನು, ಆನ್‌ಬೋರ್ಡ್ ಚಾರ್ಜರ್‌ನ ಸಾಮರ್ಥ್ಯವನ್ನು, ಆ ಕೇಬಲ್‌ನ ವಿವರವನ್ನು ಖರೀದಿ ಪತ್ರದಲ್ಲಿ ಒಂದು ಸಾಲಾಗಿ ಬರೆಸಿಕೊಂಡು, ಅದರ ಕೆಳಗೆ ಇಬ್ಬರೂ ಸಹಿ ಹಾಕಿದೆವು.