ನೇತ್ರಾಣಿ ಹವಳ, ಎರಡನೇ ವರ್ಷ: ಪಕ್ಕದ ಬಂಡೆಯೂ ಬೆಳೆದುಬಿಟ್ಟಿದೆ

ಹವಳ ಒಂದೇ ವರ್ಷದಲ್ಲಿ ಎರಡು ಸೆಂಟಿಮೀಟರ್ ಅಗಲವಾಗಿದೆ ಎಂದು ಕಳೆದ ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಆ ಮಾತು ವಾಪಸ್. ಅದರ ಪಕ್ಕದ ಬರೀ ಬಂಡೆಯೂ ಅದೇ ಲೆಕ್ಕದಲ್ಲಿ ಬೆಳೆದಿದೆ. ಯಾಗಂಟಿಯ ಬಸವಣ್ಣ ಬೆಳೆಯುತ್ತಾನೆ ಎಂದು ನಂಬುವವರಿದ್ದಾರೆ. ನೇತ್ರಾಣಿ ದ್ವೀಪದ ಬಂಡೆಗೆ ಸದ್ಯಕ್ಕೆ ನಾನೊಬ್ಬನೇ ಭಕ್ತ.

ಮುರುಡೇಶ್ವರದಿಂದ ದೋಣಿ, ಒಂಬತ್ತು ಮೀಟರ್ ಆಳ, ಸುಮಾರು ಎಪ್ಪತ್ತು ಸೆಂಟಿಮೀಟರ್ ಅಗಲದ ಅದೇ ಪೊರೈಟಿಸ್ ಗುಂಡು, ಅಂದರೆ ಬಂಡೆಯಂತೆ ಉರುಟಾಗಿ ಬೆಳೆಯುವ ಗಟ್ಟಿ ಹವಳ. ಹೋದ ಜನವರಿಯಲ್ಲಿ 412 ಫೋಟೊ, ಈ ಜನವರಿಯಲ್ಲಿ 530. ಫೋಟೊಗಳಿಂದ ಮೂರು ಆಯಾಮದ ಮಾದರಿ ಕಟ್ಟುವ ಮೆಟಾಶೇಪ್ ಸಾಫ್ಟ್‌ವೇರ್‌ಗೆ ತುಂಬಿ ರಾತ್ರಿಯಿಡೀ ಲ್ಯಾಪ್‌ಟಾಪ್ ಕಾಯಿಸಿದ್ದು ಎಂದಿನಂತೆ. ಗಟ್ಟಿ ಹವಳಗಳೆಲ್ಲ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ. ಹಾಗಾಗಿ ಮೊಳೆ ಹೊಡೆದು ಗುರುತು ಮಾಡುವ ಯೋಚನೆಯೇ ಇಲ್ಲ. ಮಾದರಿಗೆ ನಿಜವಾದ ಅಳತೆ ಕೊಡುವ ಅಳತೆಪಟ್ಟಿಗಳಿಗೆ ಬಲೆಗೆ ಕಟ್ಟುವ ಸೀಸದ ಗುಂಡು ಕಟ್ಟಿ ಪಕ್ಕದ ಮರಳಿನ ಮೇಲೆ ಮಲಗಿಸಿ, ಎದ್ದು ಬರುವಾಗ ಎತ್ತಿಕೊಂಡು ಬರುವುದು, ಅಷ್ಟೇ.

ಪೊರೈಟಿಸ್ ಗುಂಡುಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತವೆ. ಎರಡೂ ಬದಿ ಸೇರಿದರೆ ಅಗಲದಲ್ಲಿ ಎರಡು. ನನ್ನ ಉತ್ತರ ಪುಸ್ತಕದ ಲೆಕ್ಕಕ್ಕೆ ಸರಿಯಾಗಿ ಕೂತಿತ್ತು, ಎಡವಟ್ಟಾದದ್ದೇ ಅಲ್ಲಿ. ತಪ್ಪು ಉತ್ತರ ಐದು ಸೆಂಟಿಮೀಟರ್ ಬಂದಿದ್ದರೆ ಅವತ್ತೇ ಅನುಮಾನ ಬರುತ್ತಿತ್ತು.

ಅನುಮಾನ ಬಂದದ್ದು ಎರಡು ವರ್ಷದ ಮಾದರಿಗಳನ್ನು ಹೋಲಿಸುವ ಕ್ಲೌಡ್‌ಕಂಪೇರ್ ಸಾಫ್ಟ್‌ವೇರ್‌ನಲ್ಲಿ. ಒಂದರ ಮೇಲೊಂದನ್ನು ತಾನಾಗಿ ಕೂರಿಸುವ ಐಸಿಪಿ ಎಂಬ ಲೆಕ್ಕಕ್ಕೆ ಎರಡನ್ನೂ ಇಡಿಯಾಗಿ ಕೊಟ್ಟರೆ ಅದು ಬೆಳವಣಿಗೆಯನ್ನೂ ತಪ್ಪೆಂದು ತಿಳಿದು ಎಲ್ಲ ಕಡೆಗೂ ಹಂಚಿಬಿಡುತ್ತದೆ. ಮಾದರಿಯನ್ನು ಹಿಗ್ಗಿಸಿ ಕುಗ್ಗಿಸಿ ಹೊಂದಿಸುವ ‘ಸ್ಕೇಲ್’ ಟಿಕ್ ಹಾಗೇ ಬಿಟ್ಟಿದ್ದರಂತೂ ಹವಳ ಬೆಳೆದೇ ಇಲ್ಲ ಎನ್ನುತ್ತಿತ್ತು. ಅದಕ್ಕೇ ಆ ಟಿಕ್ ತೆಗೆದು, ಮಾದರಿಗಳಲ್ಲಿ ಬೆಳೆಯದ ಬಂಡೆಯ ಭಾಗವನ್ನಷ್ಟೇ ಕತ್ತರಿಸಿ ಹೊಂದಿಸಿದೆ. ಹಸಿರೆಂದರೆ ವ್ಯತ್ಯಾಸವಿಲ್ಲ, ಕೆಂಪೆಂದರೆ ಹೆಚ್ಚು; ಬಂಡೆ ಪೂರ್ತಿ ಹಸಿರಾಗಬೇಕಿತ್ತು. ನಡುವೆ ಹಸಿರು, ಆಚೆಗೆ ಹಳದಿ, ಅಂಚಿನಲ್ಲಿ ಕೆಂಪು. ರಂಗೋಲಿ.

ಮೊದಲು ಬೈದದ್ದು ಕ್ಯಾಮೆರಾವನ್ನು. ಈ ಸಲ ಚಪ್ಪಟೆ ಗಾಜು ಬಿಟ್ಟು ಗುಮ್ಮಟದ ಗಾಜು ಹಾಕಿದ್ದೆ, ನೀರಿನ ವಕ್ರೀಭವನ ಸರಿಯಾಗಿ ಕಳೆದಿಲ್ಲವೇನೋ ಎಂದು ಎರಡು ರಾತ್ರಿ ಕ್ಯಾಲಿಬ್ರೇಶನ್ ಮಾಡಿದೆ. ರಂಗೋಲಿ ಕದಲಲಿಲ್ಲ. ಆಮೇಲೆ ಕ್ಯಾಮೆರಾದ ಅಲುಗಾಟ ತಡೆಯುವ ಸ್ಟೆಬಿಲೈಸೇಶನ್ ಆನ್ ಆಗಿತ್ತೇ ಎಂದು ನೋಡಿದೆ. ಹೋದ ವರ್ಷ ಅದೇ ಪಾಪಕ್ಕೆ ಒಂದಿಡೀ ಡೈವ್ ಕಸದ ಬುಟ್ಟಿಗೆ ಹೋಗಿತ್ತು. ಈ ಸಲ ಆಫ್ ಇತ್ತು. ಹತ್ತು ಸಾವಿರ ಲೂಮೆನ್ ಎಂದು ಮಾರಿದ, ನಮ್ಮನೆ ಟಾರ್ಚಿಗಿಂತ ಮಬ್ಬಾದ ದೀಪದ ಮೇಲೂ ಗುಮಾನಿ ಪಟ್ಟೆ. ದುಡ್ಡು ವಾಪಸ್ ಕೇಳಿದರೆ ‘ನೀರು ಕಲಕಿರಬೇಕು ಸರ್’ ಅಂದ ಮಾರಿದವನು. ನಾನು ಹಚ್ಚಿ ನೋಡಿದ್ದು ಬಚ್ಚಲುಮನೆಯಲ್ಲಿ ಮಾರಾಯಾ.

ಮೂರನೇ ರಾತ್ರಿ ಹೊಳೆಯಿತು. ಲೆನ್ಸಿನ ತಪ್ಪಾದರೆ ಮಾದರಿ ಬಟ್ಟಲಿನ ಹಾಗೆ ಬಾಗಬೇಕು. ಇಲ್ಲಿ ಏನೂ ಬಾಗಿಲ್ಲ. ನಡುವಿನಿಂದ ಎಷ್ಟು ದೂರವೋ ವ್ಯತ್ಯಾಸವೂ ಅಷ್ಟು ಹೆಚ್ಚು, ಎಲ್ಲ ದಿಕ್ಕಿಗೂ. ಇದು ಬೆಳವಣಿಗೆಯಲ್ಲ, ಚಪಾತಿ ಲಟ್ಟಿಸಿದ ಹಾಗೆ ಇಡೀ ಮಾದರಿ ದೊಡ್ಡದಾಗಿದೆ. ಅಂದರೆ ಅಳತೆಪಟ್ಟಿ.

ಹಳೆಯ ಪಟ್ಟಿಗಳು ಸೊಟ್ಟಗಾಗಿದ್ದವು ಎಂದು ಡಿಸೆಂಬರಿನಲ್ಲಿ ಹೊಸ ಗುರುತುಗಳನ್ನು ಪ್ರಿಂಟ್ ಹಾಕಿಸಿ ಅಕ್ರಿಲಿಕ್‌ಗೆ ಅಂಟಿಸಿದ್ದೆ. ಗುರುತಿನಿಂದ ಗುರುತಿಗೆ 250 ಮಿಲಿಮೀಟರ್. ಕಂಪ್ಯೂಟರಿನಲ್ಲಿ ನಾನೇ ಬರೆದದ್ದಲ್ಲವೇ, ಮತ್ತೆ ಅಳೆಯುವುದೇನು? ಉಕ್ಕಿನ ಸ್ಕೇಲ್ ಇಟ್ಟೆ. 242.5.

ಜೆರಾಕ್ಸ್ ಅಂಗಡಿಯವರು ‘ಪುಟಕ್ಕೆ ಹೊಂದಿಸು’ ಎಂದು ಕೊಟ್ಟು 97 ಪರ್ಸೆಂಟಿಗೆ ಕುಗ್ಗಿಸಿದ್ದಾರೆ. ‘ಅಂಚು ಕಟ್ ಆಗ್ತಿತ್ತು, ನೀಟಾಗಿ ಬರಲಿ ಅಂತ ಮಾಡಿದೆ’ ಎಂದರು. ಸಾಫ್ಟ್‌ವೇರ್ ಅದನ್ನೇ 250 ಎಂದು ನಂಬಿ ಎಲ್ಲವನ್ನೂ ಹಿಗ್ಗಿಸಿದೆ. ಅವರ ಒಳ್ಳೆಯತನಕ್ಕೆ ನನ್ನ ಹವಳದ ಅಗಲ ಮೂರು ಪರ್ಸೆಂಟ್, ಘನಗಾತ್ರ ಒಂಬತ್ತೂವರೆ ಪರ್ಸೆಂಟ್ ಉಬ್ಬಿತ್ತು! ಮೂರು ಪಟ್ಟಿ ಇಟ್ಟಿದ್ದೆನಲ್ಲ, ಒಂದನ್ನೊಂದು ತಾಳೆ ನೋಡಲಿಕ್ಕೆ? ಮೂರೂ ಒಂದೇ ಪ್ರಿಂಟಿನವು. ಮೂವರು ಕಳ್ಳರೂ ಒಂದೇ ಸುಳ್ಳನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಸಾಫ್ಟ್‌ವೇರ್ ದೋಷ ಅರ್ಧ ಮಿಲಿಮೀಟರಿಗಿಂತ ಕಡಿಮೆ ಎಂದು ಬೆನ್ನು ತಟ್ಟಿತ್ತು.

ಸಮಾಧಾನವೆಂದರೆ ಮತ್ತೆ ಮುಳುಗಬೇಕಿಲ್ಲ, ಅಂಕಿ ತಿದ್ದಿದರೆ ಸಾಕು. ತಿದ್ದಿದೆ. ಬಂಡೆ ಹಸಿರಾಯಿತು, ಎರಡು ಮಿಲಿಮೀಟರ್ ಅತ್ತಿತ್ತ. ಹವಳದ ನೆತ್ತಿಯಲ್ಲಿ ಏಳೆಂಟು ಮಿಲಿಮೀಟರ್ ನಿಜವಾದ ಬೆಳವಣಿಗೆ ಉಳಿದುಕೊಂಡಿದೆ. ಹೂಳು ಕೂರುವ ಬದಿಯಲ್ಲಿ ದೋಷದ ಮಿತಿ ದಾಟಿದ್ದು ಏನೂ ಇಲ್ಲ. ಒಂದು ಕಡೆ ಬೆರಳಗಲದ ಗುಳಿ, ಯಾವುದೋ ಮೀನು ಕಚ್ಚಿದ್ದಿರಬೇಕು. ಎರಡು ಸೆಂಟಿಮೀಟರ್ ಸುದ್ದಿಗಿಂತ ಈ ಗುಳಿಯೇ ನನಗೆ ಹೆಚ್ಚು ಇಷ್ಟವಾಯಿತು.

ಈ ನಡುವೆ ಶಿರಸಿಯ ಅಜ್ಜಿಮನೆ ಬಾವಿ ತಲೆ ಹೊಕ್ಕಿದೆ. ಏಪ್ರಿಲ್‌ನಲ್ಲಿ ತಳ ಕಾಣುತ್ತದೆ. ಕೆಂಪು ಚಿರೆಕಲ್ಲಿನ ಮೈ, ಫೋಟೊಗೆ ಹೇಳಿ ಮಾಡಿಸಿದ ಒರಟು. ಹಗ್ಗಕ್ಕೆ ಕ್ಯಾಮೆರಾ ಕಟ್ಟಿ ಸುತ್ತು ಸುತ್ತಾಗಿ ಇಳಿಸಿದರೆ ಸಾಕೇನೋ. ಹಗ್ಗ ತಿರುಚಿಕೊಳ್ಳದ ಹಾಗೆ ಮಾಡುವ ಉಪಾಯ ಗೊತ್ತಿದ್ದವರು ಹೇಳಿ. ಅಜ್ಜಿಯ ಸಲಹೆ, ಕೊಡಪಾನದೊಳಗೆ ಕೂರಿಸು ಎಂಬುದು. ಅದನ್ನೂ ನೋಡುವುದೇ.

ಮಳೆಗಾಲಕ್ಕೆ ಡೈವಿಂಗ್ ನಿಲ್ಲುವ ಮುಂಚೆ ಇನ್ನೊಂದು ಸಲ ಹೋಗಬೇಕು. ಅಕ್ರಿಲಿಕ್ ಮೇಲೆ ನೇರ ಲೇಸರಿನಲ್ಲಿ ಗುರುತು ಕೆತ್ತಿಸುತ್ತಿದ್ದೇನೆ. ಕೆತ್ತುವವನು ಶುಕ್ರವಾರ ಕೊಡುತ್ತೇನೆ ಅಂದಿದ್ದಾನೆ. ಇದು ಮೂರನೇ ಶುಕ್ರವಾರ. ಬಂದ ತಕ್ಷಣ ಅಳೆಯಲು ಉಕ್ಕಿನ ಸ್ಕೇಲ್ ಚೀಲದಲ್ಲೇ ಇದೆ.