ಎರಡೂ ಪ್ಲಾಟಿನಂ, ಬಾಟಲಿ ಮಾತ್ರ ಬೇರೆ

ದಾವಣಗೆರೆಯ ಆಸ್ಪತ್ರೆಯೊಂದರ ಡೇ ಕೇರ್‌ಗೆ ಕೀಮೋ ಔಷಧ ಕಲೆಸಿ ಕೊಡುವುದು ನನ್ನ ಕೆಲಸ. ಆ ಸೋಮವಾರ ಬೆಳಿಗ್ಗೆಯಿಂದ ನಾಲ್ಕು ಸಿಸ್‌ಪ್ಲಾಟಿನ್, ನಾಲ್ಕೂ ಎನ್‌ಎಸ್‌ನಲ್ಲಿ, ಅಂದರೆ ಉಪ್ಪುನೀರಿನ ಬಾಟಲಿಯಲ್ಲಿ. ಐದನೆಯದು ಜಗಳೂರು ಕಡೆಯ ಅಜ್ಜನೊಬ್ಬರ ಆಕ್ಸಾಲಿಪ್ಲಾಟಿನ್. ಕೈ ಮತ್ತೆ ಎನ್‌ಎಸ್‌ಗೇ ಹೋಯಿತು. ಒಂದು ಕ್ಷಣ ಅನುಮಾನ ಬಂದಿತ್ತು. ಇದೂ ಪ್ಲಾಟಿನಂ ಔಷಧ ತಾನೇ ಎಂದುಕೊಂಡು ವಯಲ್ ಚುಚ್ಚಿದೆ. ಚಾರ್ಟ್ ಪಕ್ಕದಲ್ಲೇ ಇತ್ತು, ತೆರೆಯಲಿಲ್ಲ.

“ಸರ್, ಇದು ಡಿ5ನಲ್ಲಿ ಬರಬೇಕಿತ್ತಲ್ಲವೇ?” ಎಂದು ಸಿಸ್ಟರ್ ಫೋನ್ ಮಾಡಿದರು. ಡಿ5 ಎಂದರೆ ಗ್ಲೂಕೋಸ್ ನೀರಿನ ಬಾಟಲಿ. ಹಾಕಿಬಿಟ್ಟಿರಾ ಎಂದು ನಾನು ಕೇಳುವಷ್ಟರಲ್ಲಿ ಯಾರೋ ಕರೆದರೆಂದು ರಿಸೀವರ್ ಕೆಳಗಿಟ್ಟು ಹೋದರು. ಗೌನು, ಎರಡು ಜೊತೆ ಗ್ಲೌಸು ಬಿಚ್ಚುವುದು ಅಷ್ಟು ಹೊತ್ತಿನ ಕೆಲಸವೆಂದು ಅಂದೇ ತಿಳಿಯಿತು. ಮೆಟ್ಟಿಲು ಹತ್ತಿ ಓಡಿದೆ. ಬಾಟಲಿ ಟ್ರೇಯಲ್ಲೇ ಇತ್ತು. ಅಜ್ಜ ತೋಳು ಚಾಚಿಕೊಂಡು, “ಶುರು ಮಾಡೋಣವೇ ಸರ್?” ಎಂದರು. ನನಗೆ ಮಾತು ಹೊರಡಲಿಲ್ಲ.

ಸಿಸ್‌ಪ್ಲಾಟಿನ್ ಅಣುವಿನಲ್ಲಿ ಎರಡು ಕ್ಲೋರೈಡ್‌ಗಳಿವೆ. ರಕ್ತದಲ್ಲಿ ಕ್ಲೋರೈಡ್ ಸುಮಾರು 100 ಮಿಲಿಮೋಲಾರ್ ಇರುವುದರಿಂದ ಅವು ಬಹುಮಟ್ಟಿಗೆ ಕಳಚುವುದಿಲ್ಲ. ಜೀವಕೋಶದೊಳಗೆ ಕ್ಲೋರೈಡ್ ಹಲವು ಪಟ್ಟು ಕಡಿಮೆ. ಅಲ್ಲಿ ಅವು ಕಳಚಿ ನೀರು ಆ ಜಾಗ ಹಿಡಿಯುತ್ತದೆ. ಹೀಗೆ ಚುರುಕಾದ ಪ್ಲಾಟಿನಂ ಡಿಎನ್‌ಎಯ ಒಂದೇ ಎಳೆಯಲ್ಲಿ ಅಕ್ಕಪಕ್ಕದ ಎರಡು ಗ್ವಾನೀನ್‌ಗಳ (ಡಿಎನ್‌ಎಯ ನಾಲ್ಕು ‘ಅಕ್ಷರ’ಗಳಲ್ಲಿ ಒಂದು) ಏಳನೇ ಸ್ಥಾನದ ಸಾರಜನಕವನ್ನು ಹಿಡಿದು ಬಿಗಿಯುತ್ತದೆ. ಡಿಎನ್‌ಎ ಬಾಗುತ್ತದೆ, ನಕಲು ನಿಲ್ಲುತ್ತದೆ, ಕೋಶ ಸಾಯುತ್ತದೆ. ಬಾಟಲಿಯಲ್ಲೇ ಈ ಕಳಚುವಿಕೆ ಆಗಬಾರದೆಂದು ಸಿಸ್‌ಪ್ಲಾಟಿನ್‌ಗೆ ಕ್ಲೋರೈಡ್ ತುಂಬಿದ ಉಪ್ಪುನೀರು. ಆಕ್ಸಾಲಿಪ್ಲಾಟಿನ್ ಕೂಡ ಹಿಡಿಯುವುದು ಗ್ವಾನೀನನ್ನೇ. ಆದರೆ ಅದರಲ್ಲಿ ಕಳಚಬೇಕಾದದ್ದು ಕ್ಲೋರೈಡ್ ಅಲ್ಲ, ಆಕ್ಸಲೇಟ್ ಎಂಬ ಭಾಗ. ಎನ್‌ಎಸ್‌ಗೆ ಹಾಕಿದರೆ ಅದರ ಕ್ಲೋರೈಡೇ ಆಕ್ಸಲೇಟನ್ನು ತಳ್ಳಿ, ರೋಗಿಯ ಮೈ ಸೇರುವ ಮೊದಲೇ ಔಷಧ ಕೆಡುತ್ತದೆ. ಒಂದನ್ನು ಕಾಯುವ ಉಪ್ಪೇ ಇನ್ನೊಂದನ್ನು ಕೆಡಿಸುತ್ತದೆ. ಇದನ್ನು ಪರೀಕ್ಷೆಯಲ್ಲಿ ಬರೆದು ಪಾಸಾದವನು ನಾನು.

ಹೊಸ ವಯಲ್‌ಗಳ ಲೆಕ್ಕ ರೋಗಿಯ ಬಿಲ್ಲಿಗೆ ಬೀಳಬಾರದೆಂದು ಹಠ ಹಿಡಿದೆ. ತಪ್ಪು ನನ್ನದೆಂದು ಬರೆದುಕೊಟ್ಟ ಮೇಲೆ ಆಸ್ಪತ್ರೆಯವರು ಒಪ್ಪಿದರು. ಎನ್‌ಎಸ್ ಮತ್ತು ಡಿ5 ಬಾಟಲಿಗಳನ್ನು ಬೇರೆ ಬೇರೆ ರ‍್ಯಾಕ್‌ನಲ್ಲಿಡಿ ಎಂದು ಮೂರು ಬಾರಿ ಬರೆದಿದ್ದೇನೆ. ಬಂದದ್ದು ಸಹಿ ಹಾಕಲು ಇನ್ನೊಂದು ಫಾರಂ. ರ‍್ಯಾಕ್‌ಗೆ ಎಷ್ಟು ಖರ್ಚಾದೀತು? ಈಗ ನಾನೇ ಡಿ5 ಬಾಟಲಿಗಳನ್ನು ಕಿಟಕಿ ಪಕ್ಕದ ಮೇಜಿಗೆ ಸಾಗಿಸಿದ್ದೇನೆ. ವಯಲ್ ಚುಚ್ಚುವ ಮುನ್ನ ಔಷಧದ ಹೆಸರು, ದ್ರಾವಣದ ಹೆಸರು ಎರಡನ್ನೂ ಗಟ್ಟಿಯಾಗಿ ಓದುತ್ತೇನೆ.

ಅಜ್ಜನಿಗೆ ಡಿ5ನಲ್ಲಿ ಕಲೆಸಿದ ಬಾಟಲಿ ಏರಿದಾಗ ಮಧ್ಯಾಹ್ನ ದಾಟಿತ್ತು. ತಡವಾಗಿದ್ದೇಕೆಂದು ಡಾಕ್ಟರ ಎದುರಿನಲ್ಲೇ ಅವರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಬಾಟಲಿಯನ್ನೇ ನೋಡಿ, ಊರಿನ ಬಸ್ ಎಷ್ಟು ಹೊತ್ತಿಗಿದೆ ಎಂದು ಮಗನನ್ನು ಕೇಳಿದರು.